ಸಾಲ ತೀರುವವರೆಗೆ ಮನೆಯ ದಿನದ ಲೆಕ್ಕ

ಒಕ್ಕಲುತನಕ್ಕೆ ಸಾಲವೇ ಬೇಡವೆನ್ನುವವರು ಬಿತ್ತಿ ನೋಡಿದವರಲ್ಲ. ಜೂನಿನಲ್ಲಿ ಬೀಜ ಗೊಬ್ಬರಕ್ಕೆ ಹಣ ಹಾಕಿದ ಮೇಲೆ ಜನವರಿಯಲ್ಲಿ ತೊಗರಿ ಮಾರಿ ಆ ಹಣದ ಮುಖ ನೋಡುವ ಹೊತ್ತಿಗೆ ಏಳೆಂಟು ತಿಂಗಳು ಕಳೆದಿರುತ್ತವೆ. ಅಷ್ಟು ದಿನ ಮನೆಯೂ ನಡೆಯಬೇಕು, ಹೊಲವೂ ನಡೆಯಬೇಕು. ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಹೆಚ್ಚಿನ ಮನೆಗಳು ಈ ಕಾಲವನ್ನು ಸಾಲದ ಮೇಲೆಯೇ ದಾಟುತ್ತವೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಯಾವ ಸಾಲ ಎಷ್ಟಿದೆ, ಯಾವುದು ದಿನಕ್ಕೆಷ್ಟು ಬೆಳೆಯುತ್ತದೆ, ಮೊದಲು ಯಾವುದನ್ನು ತೀರಿಸಬೇಕು ಎಂದು ಕೇಳಿದರೆ ಉತ್ತರ ಹೇಳಬಲ್ಲ ಮನೆಗಳು ಕಡಿಮೆ. ಆ ಲೆಕ್ಕವನ್ನು ಈ ಸಲ ತುಸು ವಿಸ್ತಾರವಾಗಿ ಬರೆಯುತ್ತೇವೆ.

ಸಾಲದ ವಿಷಯದಲ್ಲಿ ಸೋಲಾಪುರ ಜಿಲ್ಲೆಗೆ ಹಳೆಯ ಹೆಸರಿದೆ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ಡೆಕ್ಕನ್ ರೈತರ ಪರಿಹಾರ ಕಾಯಿದೆ ಬಂತು. ಅದು ಮೊದಲು ಜಾರಿಯಾದ ನಾಲ್ಕು ಜಿಲ್ಲೆಗಳಲ್ಲಿ ಸೋಲಾಪುರವೂ ಒಂದು. ಕಾಯಿದೆಯಿಂದಷ್ಟೇ ಕೆಲಸವಾಗದು, ಕಡಿಮೆ ಬಡ್ಡಿಯ ಹಣವೂ ಬೇಕು ಎಂದು ಕಂಡ ಮೇಲೆ 1904ರಲ್ಲಿ ಸಹಕಾರಿ ಸಂಘಗಳ ಕಾಯಿದೆಯಾಯಿತು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಇಂದು ನಮ್ಮ ಊರೂರಲ್ಲಿರುವ ವಿಕಾಸ ಸೊಸಾಯಿಟಿಗಳು ಅದೇ ಬಳ್ಳಿಯ ಕಾಯಿಗಳು. ಕನ್ನಡದ ಒಬ್ಬ ಗೌಡರು ಹಾಕಿದ ದಾರಿ ಇದು ಎಂಬುದು ನಮ್ಮ ಮಕ್ಕಳಿಗೆ ತಿಳಿದಿದ್ದರೆ ಒಳ್ಳೆಯದು.

ನೌಕರದಾರರಿಗೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಎಂಬ ಸೌಕರ್ಯವಿರುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆಯಬಹುದು, ತೆಗೆದಷ್ಟಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಬಡ್ಡಿ. ರೈತನಿಗೆ ಇರುವ ಓವರ್‌ಡ್ರಾಫ್ಟ್ ಎಂದರೆ 1998ರಲ್ಲಿ ಆರಂಭವಾದ ಕಿಸಾನ ಕ್ರೆಡಿಟ್ ಕಾರ್ಡು. ಬ್ಯಾಂಕಿನಲ್ಲಿ ಈ ಖಾತೆ ಇರುವವರು ಹಲವರು ಇದನ್ನು ವರ್ಷಕ್ಕೊಮ್ಮೆ ಎತ್ತಿ ವರ್ಷಕ್ಕೊಮ್ಮೆ ಕಟ್ಟುವ ಸಾಲವೆಂದೇ ತಿಳಿದಿದ್ದಾರೆ. ನಿಯಮದ ಪ್ರಕಾರ ಇದು ತಿರುಗುವ ಖಾತೆ. ಎಷ್ಟು ಸಲವಾದರೂ ಕಟ್ಟಬಹುದು, ಮಿತಿಯೊಳಗೆ ಮತ್ತೆ ತೆಗೆಯಬಹುದು. 60,000 ರೂಪಾಯಿ ತೊಗರಿಯ ಹಣವನ್ನು ಎರಡು ತಿಂಗಳು ಮನೆಯ ಟ್ರಂಕಿನಲ್ಲಿಡುವ ಬದಲು ಈ ಖಾತೆಗೆ ಕಟ್ಟಿದರೆ, ನೂರಕ್ಕೆ 7ರ ದರದಲ್ಲಿ, 60 ದಿನಕ್ಕೆ 690 ರೂಪಾಯಿ ಬಡ್ಡಿ ಉಳಿಯುತ್ತದೆ. ಅದು ದೊಡ್ಡ ಮೊತ್ತವಲ್ಲ ನಿಜ. ಆದರೆ ಟ್ರಂಕಿನಲ್ಲಿಟ್ಟ ಹಣ ಅರವತ್ತು ದಿನ ಅರವತ್ತು ಸಾವಿರವಾಗಿಯೇ ಉಳಿದ ಮನೆಯನ್ನು ನಾವು ಕಂಡಿಲ್ಲ. ಸೊಸಾಯಿಟಿಯ ಸಾಲದಲ್ಲಿ ಹೀಗೆ ನಡುವೆ ಕಟ್ಟಿ ತೆಗೆಯಲು ಬರುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಸೆಕ್ರೆಟರಿಯವರನ್ನು ಮೊದಲೇ ಕೇಳಿಕೊಳ್ಳಬೇಕು.

ಈಗ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇದು ಉದಾಹರಣೆಯ ಮನೆ. ಅಂಕಿಗಳನ್ನು ಓದುಗರು ತಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ಐದು ಎಕರೆ ಮಳೆಯಾಸರೆಯ ಹೊಲ. ಮೂರು ಎಕರೆ ತೊಗರಿ, ಒಂದು ಎಕರೆ ಕಡಲೆ, ಒಂದು ಎಕರೆ ಮಾಲದಂಡಿ ಜೋಳ. ಜೋಳ ಮನೆಗೆ, ಕಣಿಕೆ ದನಕ್ಕೆ. ಎರಡು ಎಮ್ಮೆ. ಸಾಲ ಎರಡು ಕಡೆ: ಸೊಸಾಯಿಟಿಯಲ್ಲಿ 1,20,000 ರೂಪಾಯಿ ಬೆಳೆಸಾಲ, ಊರಿನಲ್ಲಿ ಒಬ್ಬರ ಹತ್ತಿರ 40,000 ರೂಪಾಯಿ ಕೈಗಡ.

ಮನೆಯ ಯಜಮಾನನನ್ನು ಕೇಳಿದರೆ ಸೊಸಾಯಿಟಿಯ ಸಾಲವೇ ಭಾರವೆನ್ನುತ್ತಾನೆ, ಏಕೆಂದರೆ ಅಂಕಿ ದೊಡ್ಡದು. ಬಡ್ಡಿ ಹಾಕಿ ನೋಡಿರಿ. ಸೊಸಾಯಿಟಿಯ 1,20,000ಕ್ಕೆ ನೂರಕ್ಕೆ 7ರಂತೆ ವರ್ಷಕ್ಕೆ 8,400. ಅವಧಿಯೊಳಗೆ ಕಟ್ಟಿದರೆ ಕೇಂದ್ರ ಸರಕಾರದ ಕಡೆಯಿಂದ ನೂರಕ್ಕೆ 3 ರಿಯಾಯತಿ, ಅಂದರೆ 3,600 ಕಡಿಮೆಯಾಗಿ 4,800 ಉಳಿಯುತ್ತದೆ. ಮಹಾರಾಷ್ಟ್ರ ಸರಕಾರದ ಡಾ. ಪಂಜಾಬರಾವ ದೇಶಮುಖ ಬಡ್ಡಿ ರಿಯಾಯತಿ ಯೋಜನೆಯೂ ಇದರ ಮೇಲಿದೆ. 2021ರಿಂದ ಮೂರು ಲಕ್ಷದವರೆಗಿನ ಬೆಳೆಸಾಲವನ್ನು ವೇಳೆಗೆ ಸರಿಯಾಗಿ ಕಟ್ಟುವವನಿಗೆ ಬಡ್ಡಿಯೇ ಬೀಳದಂತೆ ಅದನ್ನು ಹಿಗ್ಗಿಸಿದರು. ಇನ್ನು ಕೈಗಡದ ಮಾತು. ‘ನೂರಕ್ಕೆ ಮೂರು’ ಎಂದು ಬಾಯಿಮಾತಿನಲ್ಲಿ ಹೇಳಿರುತ್ತಾರೆ. ಕಿವಿಗೆ ಅದು ಸೊಸಾಯಿಟಿಯ ಏಳಕ್ಕಿಂತ ಕಡಿಮೆ ಕೇಳುತ್ತದೆ. ಆದರೆ ಇದು ತಿಂಗಳಿಗೆ ಮೂರು. ವರ್ಷಕ್ಕೆ ಮೂವತ್ತಾರು. 40,000ಕ್ಕೆ ತಿಂಗಳಿಗೆ 1,200, ವರ್ಷಕ್ಕೆ 14,400. ಮೂರನೆಯ ಒಂದು ಪಾಲಿನ ಸಾಲ, ಸುಮಾರು ಒಂದೂಮುಕ್ಕಾಲು ಪಟ್ಟು ಬಡ್ಡಿ. ಯಾವುದನ್ನು ಮೊದಲು ಹರಿಯಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾಲ್ಕನೇ ಇಯತ್ತೆಯ ಮಗು ಈ ಲೆಕ್ಕ ಮಾಡಬಲ್ಲದು. ಶಾಲೆಯಲ್ಲಿ ಸರಳ ಬಡ್ಡಿಯ ಲೆಕ್ಕ ಕಲಿಸುವಾಗ ಪುಸ್ತಕದ ಅಂಕಿಗಳ ಬದಲು ಊರಿನ ದರ ಹಾಕಿದರೆ ಮಕ್ಕಳು ಬೇಗ ಕಲಿಯುತ್ತಾರೆಂಬುದು ನಮ್ಮ ಅನುಭವ. ಆ ಮೇಲೆ ಅವರು ಮನೆಗೆ ಹೋಗಿ ಕೇಳುವ ಪ್ರಶ್ನೆಗಳಿಗೆ ತಂದೆಯಂದಿರು ಉತ್ತರ ಕೊಡಬೇಕಾಗುತ್ತದೆ, ಅದು ಬೇರೆ ಮಾತು.

ಇನ್ನು ದಿನದ ಲೆಕ್ಕ. ಹೊಲದ ಹಣ ವರ್ಷಕ್ಕೊಮ್ಮೆ ಬರುತ್ತದೆ, ಹಾಲಿನ ಹಣ ಹತ್ತು ದಿನಕ್ಕೊಮ್ಮೆ ಬರುತ್ತದೆ. ಆದ್ದರಿಂದ ಮನೆಯನ್ನು ಹಾಲಿನ ಮೇಲೆ ನಡೆಸಬೇಕು, ಸಾಲದ ಗಂಟನ್ನು ಹೊಲದ ಮೇಲೆ ಹರಿಯಬೇಕು. ಎರಡನ್ನೂ ಒಂದೇ ಕಿಸೆಯಲ್ಲಿ ಹಾಕಿದರೆ ಕಲಸುಮೇಲೋಗರ. ನಮ್ಮ ಉದಾಹರಣೆಯ ಮನೆ ದಿನಕ್ಕೆ ಆರು ಲೀಟರ್ ಹಾಲು ಡೇರಿಗೆ ಹಾಕುತ್ತದೆನ್ನೋಣ. ಲೀಟರಿಗೆ 50 ರೂಪಾಯಿ ಹಿಡಿದರೆ ಹತ್ತು ದಿನಕ್ಕೆ 3,000. ಹಿಂಡಿ ಬೂಸಾಕ್ಕೆ 1,200 ತೆಗೆದರೆ 1,800 ಉಳಿಯಿತು. ದಿನಕ್ಕೆ 180 ರೂಪಾಯಿ. ಇದೇ ಮನೆಯ ದಿನದ ಅಳತೆ. ಜೋಳ, ಬೇಳೆ ಮನೆಯವು. ಎಣ್ಣೆ, ಚಹಾಪುಡಿ, ಸಕ್ಕರೆ, ಕಾಯಿಪಲ್ಲೆ, ಸಾಬೂನು, ಗುಳಿಗೆ ಔಷಧಕ್ಕೆ 110. ಫೋನು, ಬಸ್ಸು, ಕರೆಂಟಿನ ಬಿಲ್ಲಿಗೆ 20. ಉಳಿದ 50 ರೂಪಾಯಿ ಸಾಲಕ್ಕೆ.

ಈ ಐವತ್ತು ರೂಪಾಯಿ ಕಡೆಯಲ್ಲಿ ಉಳಿದರೆ ಕಟ್ಟೋಣವೆಂದರೆ ಎಂದೂ ಉಳಿಯದು. ಹಾಲಿನ ಬಿಲ್ಲು ಕೈಗೆ ಬಂದ ದಿನವೇ 500 ರೂಪಾಯಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಡಬ್ಬಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರಲಿ. ಮಿಕ್ಕ 1,300ರಲ್ಲಿ ಹತ್ತು ದಿನ ತೆಗೆಯಬೇಕು. ಏಳನೆಯ ದಿನಕ್ಕೇ ಮುಗಿದರೆ ಉಳಿದ ಮೂರು ದಿನ ಮಜ್ಜಿಗೆ, ಹಿಂಡಿಪಲ್ಲೆ, ಶೇಂಗಾ ಚಟ್ನಿಯ ಮೇಲೆ ನಡೆಯಬಹುದು, ಯಾರೂ ಸತ್ತಿಲ್ಲ. ಅಂಗಡಿಯ ಉದ್ರಿಗೆ ಮಾತ್ರ ಕೈ ಹಾಕಬಾರದು. ಉದ್ರಿ ಚೀಟಿಗೆ ಬಡ್ಡಿ ಇಲ್ಲವೆಂದು ತಿಳಿಯುವವರು ರೋಖ ಕೊಟ್ಟವನಿಗೆ ಎಣ್ಣೆ ಯಾವ ದರಕ್ಕೆ ಸಿಗುತ್ತದೆಂದು ಒಮ್ಮೆ ಕೇಳಿ ನೋಡಲಿ.

ಬರೆಯುವ ವಹಿ ಸಾದಾ ಇರಬೇಕು. ನೂರು ಪುಟದ ಒಂದು ನೋಟುಬುಕ್ಕು ಸಾಕು. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು, ಕೆಳಗೆ ಕೈಯಲ್ಲಿ ಉಳಿದದ್ದು. ರಾತ್ರಿ ಊಟವಾದ ಮೇಲೆ ಮನೆಯ ಶಾಲೆಯ ಮಗು ಬರೆಯಲಿ, ಉಳಿದವರು ಹೇಳಲಿ. ವಹಿಯ ಉಳಿಕೆಯೂ ಕೈಯಲ್ಲಿರುವ ಹಣವೂ ಹೊಂದದಿದ್ದರೆ ಜಗಳವಾಡದೆ ‘ನೆನಪಿಲ್ಲದ್ದು’ ಎಂದು ಬರೆದು ಹೊಂದಿಸಿಬಿಡಿ. ತಿಂಗಳ ಕೊನೆಗೆ ಈ ‘ನೆನಪಿಲ್ಲದ್ದು’ ಕೂಡಿಸಿದಾಗ ಬರುವ ಮೊತ್ತ ಯಜಮಾನನಿಗೆ ಸಾಕಷ್ಟು ನೆನಪು ತರುತ್ತದೆ. ಸ್ಟ್ಯಾಂಡಿನ ಹೋಟೆಲಿನ ಚಹಾ, ಎಲೆ ಅಡಿಕೆ, ತಂಬಾಕು ಎಲ್ಲವೂ ಅಲ್ಲಿಯೇ ಅಡಗಿರುತ್ತವೆ.

ಅದು ಚಿಲ್ಲರೆ ಖರ್ಚಲ್ಲವೇ ಎನ್ನುವವರಿಗಾಗಿ ಒಂದು ಲೆಕ್ಕ. ದಿನಕ್ಕೆ 50ರಂತೆ ತಿಂಗಳಿಗೆ 1,500 ರೂಪಾಯಿ ಆ ಕೈಗಡಕ್ಕೆ ಕಟ್ಟುತ್ತ ಹೋದರೆ ಮೊದಲ ತಿಂಗಳು 1,200 ಬಡ್ಡಿಗೆ, ಬರೀ 300 ಅಸಲಿಗೆ. ಎರಡನೆಯ ತಿಂಗಳು 1,191 ಬಡ್ಡಿಗೆ, 309 ಅಸಲಿಗೆ. ಹೀಗೆ ಸಾಲ ಹರಿಯಲು ಐವತ್ತನಾಲ್ಕು ತಿಂಗಳು ಕಳೆದು ಐವತ್ತೈದನೆಯದು ಬೇಕು. ಒಟ್ಟು ಕಟ್ಟುವುದು ಸುಮಾರು 81,700. ಅದೇ ಮನೆ ದಿನಕ್ಕೆ ಇನ್ನೂ 17 ರೂಪಾಯಿ ಉಳಿಸಿ ತಿಂಗಳಿಗೆ 2,000 ಕಟ್ಟಿದರೆ 31 ತಿಂಗಳಿಗೆ ಮುಗಿಯುತ್ತದೆ, ಒಟ್ಟು 62,000. ದಿನದ ಹದಿನೇಳು ರೂಪಾಯಿಗೆ ಸುಮಾರು ಎರಡು ವರ್ಷವೂ ಇಪ್ಪತ್ತು ಸಾವಿರದ ಹತ್ತಿರ ಹಣವೂ ಉಳಿಯಿತು. ಆದರೆ ಒಂದು ಎಚ್ಚರಿಕೆ. ಕೈಗಡ ಕೊಟ್ಟವರು ಬಿಡಿಬಿಡಿಯಾಗಿ ಅಸಲು ತೆಗೆದುಕೊಂಡು ಉಳಿದದ್ದಕ್ಕಷ್ಟೇ ಬಡ್ಡಿ ಹಾಕುತ್ತಾರೆಯೇ? ಕೆಲವರು ‘ಅಸಲು ಇಡಿಗಂಟಾಗಿ ತಂದುಕೊಡು, ಅಲ್ಲಿಯವರೆಗೆ ಬಡ್ಡಿ ಕೊಡುತ್ತಿರು’ ಎನ್ನುತ್ತಾರೆ. ಹಾಗಿದ್ದರೆ ತಿಂಗಳ 1,200 ಎಷ್ಟು ವರ್ಷ ಕೊಟ್ಟರೂ 40,000 ನಲವತ್ತಾಗಿಯೇ ನಿಂತಿರುತ್ತದೆ. ಇಂಥಲ್ಲಿ ಡಬ್ಬಿಯ ಹಣವನ್ನು ಸೇರಿಸಿಟ್ಟು ಸುಗ್ಗಿಗೆ ಒಮ್ಮೆಲೇ ಕೊಡುವುದೇ ದಾರಿ. ಕೊಟ್ಟ ದಿನ ಪಾವತಿ ಬರೆಸಿಕೊಂಡು ಹಳೆಯ ಕಾಗದ ಹಿಂದಕ್ಕೆ ಪಡೆಯತಕ್ಕದ್ದು.

ಬಡ್ಡಿಯ ದರವನ್ನೇ ಇಳಿಸುವ ದಾರಿಯೂ ಇದೆ. ಊರಿನ ಮಹಿಳಾ ಬಚತ ಗಟಗಳಿಗೆ ಬ್ಯಾಂಕಿನ ಸಾಲ ಬರುತ್ತದೆ, ಗಟದೊಳಗೆ ಅದನ್ನು ಹಂಚಿಕೊಳ್ಳುವ ದರ ಕೈಗಡದ ದರಕ್ಕಿಂತ ಕೆಳಗೇ ಇರುತ್ತದೆ. ತಿಂಗಳಿಗೆ ನೂರಕ್ಕೆ ಒಂದರಂತೆ 40,000 ಸಿಕ್ಕು ಕೈಗಡವನ್ನು ಒಮ್ಮೆಲೇ ತೀರಿಸಿದರೆ, ಅದೇ 1,500ರ ಕಂತಿನಲ್ಲಿ 31 ತಿಂಗಳಿಗೆ ಸಾಲ ಹೆಚ್ಚುಕಡಿಮೆ ಮುಗಿಯುತ್ತದೆ, ಒಟ್ಟು ಸುಮಾರು 46,750. ಮೇಲೆ ಹೇಳಿದ 2,000ರ ಕಂತಿಗೂ ಇಷ್ಟೇ ತಿಂಗಳು ಬಂದವು ಎಂಬುದನ್ನು ಗಮನಿಸಿರಿ. ಆದರೆ ಗಟದ ಸಾಲ ಅತ್ತಿಗೆ ನಾದಿನಿಯರ, ನೆರೆಮನೆಯವರ ಹೆಸರಿನ ಮೇಲೆ ನಿಂತಿರುತ್ತದೆ. ಅದನ್ನು ತಂದು ಕೈಗಡ ತೀರಿಸಿ, ಮರುತಿಂಗಳು ಮತ್ತೊಂದು ಕೈಗಡ ಮಾಡುವವರಿಗೆ ನಾವು ಈ ದಾರಿ ಹೇಳುವುದಿಲ್ಲ.

ಮಹಾರಾಷ್ಟ್ರದ ಸಾವಕಾರಿ ನಿಯಂತ್ರಣ ಕಾಯಿದೆ 2014ರದು. ಲೈಸನ್ಸಿಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅದರ ಪ್ರಕಾರ ಅಪರಾಧ. ಲೈಸನ್ಸಿದ್ದವರೂ ರೈತನಿಂದ ತೆಗೆದುಕೊಳ್ಳಬಹುದಾದ ಬಡ್ಡಿ ಒತ್ತೆಯಿಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 9, ಒತ್ತೆಯಿಲ್ಲದ್ದಕ್ಕೆ 12. ವರ್ಷಕ್ಕೆ ಎಂಬ ಮಾತನ್ನು ಎರಡು ಸಲ ಓದಿರಿ. ಸಾಲಕ್ಕೆ ಭದ್ರತೆಯೆಂದು ಹೊಲದ ಖರೇದಿಖತವನ್ನೇ ಬರೆಸಿಕೊಳ್ಳುವ ರೂಢಿ ನಮ್ಮ ಕಡೆ ಇನ್ನೂ ಸತ್ತಿಲ್ಲ. ಅಂಥ ಹೊಲದ ಬಗ್ಗೆ ಸಹಕಾರ ಖಾತೆಯ ಜಿಲ್ಲಾ ಉಪನಿಬಂಧಕರಿಗೆ ಅರ್ಜಿ ಕೊಡಲು ಈ ಕಾಯಿದೆಯಲ್ಲಿ ಅವಕಾಶವಿದೆ. ತಾಲೂಕಿನಲ್ಲಿ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಬಹುದು.

ಮಾರ್ಚ್ ತಿಂಗಳಲ್ಲಿ ನಡೆಯುವ ‘ನವಾ-ಜುನಾ’ ಎಂಬ ಆಟ ಎಲ್ಲರಿಗೂ ಗೊತ್ತಿದ್ದದ್ದೇ. ಸೊಸಾಯಿಟಿಯ ಗಡುವು ಬಂತು, ಕೈಯಲ್ಲಿ ಹಣವಿಲ್ಲ. ಹತ್ತು ದಿನದ ಮಟ್ಟಿಗೆ ಯಾರಿಂದಲೋ ತಂದು ಹಳೆಯ ಸಾಲ ಕಟ್ಟುವುದು, ಹೊಸ ಸಾಲ ಮಂಜೂರಾದ ದಿನ ಅವರಿಗೆ ಹಿಂದಿರುಗಿಸುವುದು. ಹತ್ತೇ ದಿನವಾದರೂ ಬಡ್ಡಿ ಇಡೀ ತಿಂಗಳದ್ದು. ನಮ್ಮ ಮನೆಯ ಲೆಕ್ಕದಲ್ಲಿ ಅಸಲು ಬಡ್ಡಿ ಕೂಡಿ 1,28,400 ಕಟ್ಟಬೇಕು, ಅದಕ್ಕೆ ತಿಂಗಳ ಮೂರರಂತೆ 3,852. ವೇಳೆಗೆ ಕಟ್ಟಿದ್ದಕ್ಕೆ ಕೇಂದ್ರ ಕೊಡುವ ರಿಯಾಯತಿ 3,600. ಸರಕಾರ ಕೊಟ್ಟದ್ದು ಸಾವಕಾರನ ಕೈಗೆ ಹೋಯಿತು, ಮೇಲೆ 252 ರೂಪಾಯಿ ಮನೆಯಿಂದ ಹಾಕಿದ್ದಾಯಿತು. ಆದರೂ ನವಾ-ಜುನಾ ಮಾಡಲೇಬಾರದೆಂದು ನಾವು ಹೇಳಲಾರೆವು. ಗಡುವು ತಪ್ಪಿ ಥಕಬಾಕಿದಾರನಾದವನಿಗೆ ರಿಯಾಯತಿಯೂ ಇಲ್ಲ, ಹೊಸ ಸಾಲವೂ ಇಲ್ಲ, ಮುಂದೆ ಬಡ್ಡಿಗೆ ಬಡ್ಡಿಯೂ ಹತ್ತುತ್ತದೆ. ಮಾಡುವುದಾದರೆ ತರುವ ಮೊತ್ತವನ್ನು ಪ್ರತಿವರ್ಷ ಚಿಕ್ಕದು ಮಾಡುತ್ತ ಬರಬೇಕು.

ಹೇಗೆಂದರೆ: ಮೂರು ಎಕರೆಗೆ 12 ಕ್ವಿಂಟಲ್ ತೊಗರಿ ಬಂತೆನ್ನಿ. 2025-26ರ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆ 8,000 ರೂಪಾಯಿ ಇತ್ತು. ಆದರೆ ದುಧನಿ ಪೇಟೆಯಲ್ಲಿ ಪಟ್ಟಿ ಹರಿಯುವವರೆಗೆ ಯಾವ ದರವೂ ನಮ್ಮದಲ್ಲ, ಆದ್ದರಿಂದ ವಹಿಯಲ್ಲಿ 7,000 ಹಿಡಿಯಬೇಕು. 84,000 ಆಯಿತು. ನಾಲ್ಕು ಕ್ವಿಂಟಲ್ ಕಡಲೆಗೆ 5,500ರಂತೆ 22,000. ರಾಶಿ, ಹಮಾಲಿ, ಗಾಡಿ ಬಾಡಿಗೆಗೆ 10,000 ಕಳೆದರೆ 96,000. ಇದರಲ್ಲಿ ಮೊದಲು ಕೈಗಡ, ಕೊನೆಯ ತಿಂಗಳ ಬಡ್ಡಿ ಸೇರಿ 41,200, ಕೊಟ್ಟು ಮುಗಿಸಬೇಕು. ಉಳಿದ 54,800 ಸೊಸಾಯಿಟಿಗೆ. ಕಡಿಮೆ ಬಿದ್ದದ್ದು 73,600. ಅದಷ್ಟಕ್ಕೇ ಹತ್ತು ದಿನದ ಹಣ ತಂದರೆ ಬಡ್ಡಿ 2,208. ಹೊಸ ಸಾಲ 1,20,000 ಬಂದ ಮೇಲೆ ಇದನ್ನು ಹಿಂದಿರುಗಿಸಿ ಸುಮಾರು 44,000 ಕೈಯಲ್ಲಿ ಉಳಿಯುತ್ತದೆ. ಮುಂಗಾರಿಯ ಬೀಜ, ಗೊಬ್ಬರ, ನೇಗಿಲು ಎಲ್ಲ ಇದರಲ್ಲಿಯೇ ಆಗಬೇಕು. ಬಿಗಿಯಾಯಿತು ನಿಜ, ಆದರೆ ಆಗುತ್ತದೆ. ಮುಂದಿನ ವರ್ಷ ಕೈಗಡವಿಲ್ಲ. ಡಬ್ಬಿಯ 18,000 ಸೇರಿ 1,14,000 ಸೊಸಾಯಿಟಿಗೆ ಕಟ್ಟಲು ಬರುತ್ತದೆ, ನವಾ-ಜುನಾಕ್ಕೆ ಬೇಕಾಗುವುದು ಬರೀ 14,400.

ಇದೆಲ್ಲ ಮಳೆ ಬಂದರೆ, ಎಂದು ಓದುಗರು ನಗುತ್ತಿರಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಆದರೆ ಒಕ್ಕಲಿಗನ ಹಾಸಿಗೆ ವರ್ಷಕ್ಕೊಂದು ಅಳತೆ. 2025ರ ಸಪ್ಟೆಂಬರಿನಲ್ಲಿ ಸೀನಾ ನದಿಯ ದಂಡೆಯವರು ಕಂಡದ್ದನ್ನು ಮರೆಯುವುದುಂಟೇ? ಬೆಳೆ ನೂರಕ್ಕೆ 33ರಷ್ಟಾದರೂ ಹಾಳಾಗಿ ಸರಕಾರ ಅದನ್ನು ಆಪತ್ತೆಂದು ಸಾರಿದಲ್ಲಿ, ಬೆಳೆಸಾಲವನ್ನು ಕೆಲವು ವರ್ಷಗಳ ಕಂತಿನ ಸಾಲವಾಗಿ ಬದಲಿಸಿಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಮರಾಠಿ ಕಾಗದದಲ್ಲಿ ಅದಕ್ಕೆ ‘ಪುನರ್ಗಠನ’ ಎಂದಿರುತ್ತದೆ. ಅಂಥ ವರ್ಷ ಬ್ಯಾಂಕಿಗೆ ತಾವಾಗಿ ಹೋಗಿ ಕೇಳಬೇಕು. ಎಮ್ಮೆಯ ಮಾತೂ ಹಾಗೆಯೇ. ಎರಡೂ ಒಮ್ಮೆಲೇ ಬತ್ತಿದರೆ ದಿನದ 180 ನಿಂತುಹೋಗುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಎರಡು ತಿಂಗಳ ಕಂತು, ಅಂದರೆ 3,000 ರೂಪಾಯಿ, ಯಾವಾಗಲೂ ಮುಟ್ಟದೆ ಇರಲಿ. ಕಬ್ಬಿನವರಿಗೂ ಒಂದು ಮಾತು: ಕಬ್ಬು ಹಾಕಿದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಕಾನೂನು ಹಾಗಿದ್ದರೂ ವಹಿಯಲ್ಲಿ ಕಬ್ಬಿನ ಬಿಲ್ಲನ್ನು ಕಬ್ಬು ಹೋದ ತಿಂಗಳಿಗೆ ಬರೆಯಬೇಡಿ, ಖಾತೆಗೆ ಬಿದ್ದ ತಿಂಗಳಿಗೆ ಬರೆಯಿರಿ.

ಸಾಲಮಾಫಿಯನ್ನು ಕಾಯುತ್ತ ಕೂಡುವವರು ಬಹಳ. 2008ರಲ್ಲಿ ಕೇಂದ್ರದ್ದು, 2017ರಲ್ಲಿ ಮತ್ತು 2019ರಲ್ಲಿ ರಾಜ್ಯದ್ದು ಬಂದವು, ಹಲವರಿಗೆ ಉಪಕಾರವಾಯಿತು. ಆದರೆ 2019ರದಕ್ಕೆ ಆ ವರ್ಷದ ಸಪ್ಟೆಂಬರ್ 30ರ ಬಾಕಿ, ಎರಡು ಲಕ್ಷದ ಮಿತಿ ಎಂದು ಗೆರೆ ಎಳೆದಿದ್ದರು. ಗೆರೆಯ ಯಾವ ಕಡೆಗೆ ತಾವು ಬೀಳುವಿರೆಂದು ಮೊದಲೇ ಹೇಳಬಲ್ಲವರಿಲ್ಲ. ಆ ಯೋಜನೆಯಲ್ಲಿ ವೇಳೆಗೆ ಕಟ್ಟಿದವರಿಗೂ 50,000ದವರೆಗೆ ಪ್ರೋತ್ಸಾಹದ ಹಣ ಸಿಕ್ಕಿತು. ಬಂದರೆ ಬರಲಿ, ವಹಿಯಲ್ಲಿ ಅದಕ್ಕೆ ಜಾಗ ಬೇಡ.

ಪಿ.ಎಂ. ಕಿಸಾನದ 6,000 ಮತ್ತು 2023ರಿಂದ ರಾಜ್ಯ ಸೇರಿಸಿದ ನಮೋ ಶೇತಕರಿಯ 6,000, ಇವು ಕಂತಿನಲ್ಲಿ ಬರುವ ಹಣ. ಬೆಳೆವಿಮೆಯ ಹಣ ಕಟ್ಟಲು ಇವನ್ನು ಮೀಸಲಿಡುವುದು ಮೇಲು, ಏಕೆಂದರೆ ಒಂದು ರೂಪಾಯಿಯ ವಿಮೆ 2025ರ ಮುಂಗಾರಿಯಿಂದ ಹೋಯಿತು. ಲಾಡಕಿ ಬಹೀಣ ಯೋಜನೆಯಲ್ಲಿ 2024ರಿಂದ ತಾಯಂದಿರ ಖಾತೆಗೆ ಬಂದ 1,500ರ ಮೇಲೆ ಸಾಲಗಾರರ ಕಣ್ಣು ಬಿದ್ದದ್ದನ್ನು ಬಲ್ಲೆವು. ಅದು ಆಕೆಯ ಹಣ, ಎಲ್ಲಿಗೆ ಎಂಬುದನ್ನು ಆಕೆಯೇ ಹೇಳಲಿ. ಎಸ್.ಟಿ. ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು. ಸೋಲಾಪುರದ ಸಂತೆಗೆ ಯಜಮಾನ ಹೋಗುವುದಕ್ಕಿಂತ ಯಜಮಾನಿ ಹೋಗುವುದು ಎರಡು ರೀತಿಯಿಂದ ಅಗ್ಗವೆಂದು ನಮ್ಮ ಮನೆಯಲ್ಲಿ ಅನ್ನುತ್ತಾರೆ.

ಜಾತ್ರೆ ಹಬ್ಬಗಳನ್ನು ಬಿಡಿರೆಂದು ನಾವು ಬರೆಯುವುದಿಲ್ಲ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡದ ಜಾತ್ರೆಗೆ ಹೋಗದ ಮನೆ ನಮ್ಮಲ್ಲಿ ಯಾವುದು? ಆದರೆ ಜಾತ್ರೆ ಪ್ರತಿವರ್ಷ ಜನವರಿಯಲ್ಲಿಯೇ ಬರುತ್ತದೆ, ತೊಗರಿಯ ಹಣವೂ ಆಗಲೇ ಬರುತ್ತದೆ. ದೀಪಾವಳಿಯಿಂದಲೇ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಡಬ್ಬಿ ಇಟ್ಟು ಹತ್ತು ದಿನಕ್ಕೆ ನೂರು ರೂಪಾಯಿ ಹಾಕಿದವರು ತೊಗರಿಯ ಗಂಟು ಬಿಚ್ಚದೆ ಜಾತ್ರೆ ಮಾಡಿಬರುತ್ತಾರೆ.

ಕಡೆಗೆ ಕಾಗದಪತ್ರದ ಮಾತು. ನಾವು ಕನ್ನಡದಲ್ಲಿ ಲೆಕ್ಕ ಮಾಡಿ ಮರಾಠಿ ಕಾಗದಕ್ಕೆ ಸಹಿ ಹಾಕುವ ಜನ. ‘ಮುದ್ದಲ’ ಎಂದರೆ ಅಸಲು, ‘ವ್ಯಾಜ’ ಎಂದರೆ ಬಡ್ಡಿ, ‘ಥಕಬಾಕಿ’ ಎಂದರೆ ಗಡುವು ದಾಟಿದ ಬಾಕಿ, ‘ಜಾಮೀನದಾರ’ ಎಂದರೆ ಹೊಣೆಗಾರ. ಮತ್ತೊಬ್ಬರ ಕಾಗದದ ಮೇಲೆ ಈ ಕೊನೆಯ ಶಬ್ದದ ಕೆಳಗೆ ಸಹಿ ಹಾಕಿದರೆ ಅವರು ಕಟ್ಟದ ಸಾಲ ತಮ್ಮದು. ಬರಿದಾದ ಸ್ಟ್ಯಾಂಪು ಕಾಗದಕ್ಕೆ ಯಾರು ಕೇಳಿದರೂ ಸಹಿ ಹಾಕಕೂಡದು. ಸಾಲ ಪೂರ್ತಿ ತೀರಿದ ದಿನ ‘ಬೇಬಾಕಿ ದಾಖಲಾ’ ಕೇಳಿ ತರಬೇಕು. ಅದನ್ನು ತಲಾಠಿಯ ಕಚೇರಿಗೆ ಕೊಟ್ಟು ಸಾತಬಾರಾದ ಮೇಲಿನ ‘ಬೋಜಾ’ ಇಳಿಸಲು ಅರ್ಜಿ ಹಾಕಿ, ಇಳಿದ ಮೇಲೆ ಹೊಸ ಉತಾರೆ ತೆಗೆದು ವಹಿಯೊಳಗೆ ಇಟ್ಟುಕೊಳ್ಳಬೇಕು.